ನೂರರಲ್ಲಿ ಹದಿಮೂರು ಕಣ್ಣು

ಕಣ್ಣಿನ ವಿಭಾಗದ ಮುಖ್ಯಸ್ಥರೇ,

ನನ್ನ ಎಡಗಣ್ಣಿನಿಂದ ನೀವು ಎಣ್ಣೆ ತೆಗೆದಿರಿ, ಅದರ ಹಿಂದೆಯೇ ದೃಷ್ಟಿಯೂ ಹೋಯಿತು. ಈ ಪತ್ರ ಅದಕ್ಕಲ್ಲ. ಹಾಗಾಗಬಹುದೆಂದು ನಿಮಗೆ ಮೊದಲೇ ಗೊತ್ತಿತ್ತು, ಕಣ್ಣಿನ ಯಜಮಾನನಿಗೆ ಮಾತ್ರ ಹೇಳಲಿಲ್ಲ. ಅದಕ್ಕೆ.

ಮೂವತ್ತೊಂದು ವರ್ಷ ನಮ್ಮ ದ್ವೀಪದ ಫೆರಿ ನಡೆಸಿದವನು ನಾನು. ನಿವೃತ್ತನಾದ ವರ್ಷವೇ ಬಲಗಣ್ಣು ಗ್ಲಾಕೋಮಾಕ್ಕೆ ಹೋಯಿತು. ಹೋದ ವರ್ಷ ಎಡಗಣ್ಣಿನ ಹಿಂಬದಿಯ ಪರದೆ, ಅಂದರೆ ರೆಟಿನಾ, ಕಳಚಿದಾಗ ನೀವೇ ಅದನ್ನು ಕೂರಿಸಿ, ಜಾರದಿರಲೆಂದು ಸಿಲಿಕೋನ್ ಎಣ್ಣೆ ತುಂಬಿದಿರಿ. ಉಪಕಾರ ಮರೆತಿಲ್ಲ. ಏಳು ತಿಂಗಳು ಲೋಕವನ್ನು ಮೀನಿನ ಸಾರಿನೊಳಗಿಂದ ನೋಡಿದಂತಿತ್ತು, ನಿಜ. ಆದರೂ ಭೂತಗನ್ನಡಿ ಹಿಡಿದರೆ, ತೀರಿಕೊಂಡ ನನ್ನ ಹೆಂಡತಿ ಅಸ್ಟಾ ಜಾಮ್ ಬಾಟಲಿಗಳ ಮೇಲೆ ಬರೆದಿಟ್ಟದ್ದು ಕಾಣುತ್ತಿತ್ತು: ‘ಪ್ಲಮ್. ಕ್ರಿಸ್ಮಸ್‌ಗೆ. ಎಗೋನ್ ಮುಟ್ಟಕೂಡದು.’

ಆಮೇಲೆ ನಿಮ್ಮ ಕಿರಿಯ ವೈದ್ಯರು ಬಂದರು. “ಎಣ್ಣೆ ತೆಗೆದುಬಿಡೋಣ ಎಗೋನ್. ಬಿಟ್ರೆ ಒಡೆದು ಸಣ್ಣ ಸಣ್ಣ ಹನಿ ಆಗುತ್ತೆ, ಕಣ್ಣಿನ ಒತ್ತಡ ಏರುತ್ತೆ.”

“ತೆಗೆದ್ರೆ?”

“ಎಲ್ಲಾ ಸರಿಹೋಗುತ್ತೆ ಬಿಡಿ.”

ನಮ್ಮ ಡೆನ್ಮಾರ್ಕಿನಲ್ಲಿ ಈ ಮಾತನ್ನು ಹೆರಿಗೆಗೂ ಹೇಳುತ್ತೇವೆ, ಹೆಣ ಎತ್ತುವಾಗಲೂ ಹೇಳುತ್ತೇವೆ. ಕೇಳಿದವನು ಮತ್ತೆ ಪ್ರಶ್ನೆ ಕೇಳುವುದು ಮರ್ಯಾದೆಯಲ್ಲ. ನಾನೂ ತಲೆಯಾಡಿಸಿದೆ.

ಎಣ್ಣೆ ತೆಗೆದ ಹತ್ತೊಂಬತ್ತನೆಯ ದಿನ ಮೇಲಿನಿಂದ ಕತ್ತಲೆ ಇಳಿಯಿತು. ಪರದೆ ಮತ್ತೆ ಕಳಚಿತ್ತು. ಮತ್ತೆ ಶಸ್ತ್ರಚಿಕಿತ್ಸೆ, ಮತ್ತೆ ಎಣ್ಣೆ. ಈಗ ಕಿಟಕಿ ಯಾವ ಕಡೆ ಎಂಬುದಷ್ಟೇ ತಿಳಿಯುತ್ತದೆ.

ಕಳೆದ ತಿಂಗಳು ತಪಾಸಣೆಗೆ ಪಕ್ಕದ ಮನೆಯ ಎಲ್ನಾ ಕೈಹಿಡಿದು ಕರೆತಂದಳು. ಎಣ್ಣೆ ತೆಗೆಸುವ ದಿನ ನಾನು ಕಾದು ಕುಳಿತಿದ್ದ, ನಿಮ್ಮ ಕಾರಿಡಾರಿನ ಅದೇ ಬೆಂಚು.

“ಗೋಡೆ ಮೇಲೆ ದೊಡ್ಡ ಹಾಳೆ ಇದೆ ಕಣೋ. ಇಂಗ್ಲಿಷು. ಕಣ್ಣಿನ ಚಿತ್ರ, ಒಳಗೆ ಎಣ್ಣೆ.”

“ಒಂದೊಂದೇ ಅಕ್ಷರ ಹೇಳು.”

“ಇಂಗ್ಲಿಷ್ ಕಲಿತ ಕಾಲೇಜು ಬಿಟ್ಟು ಅರವತ್ತು ವರ್ಷ ಆಯ್ತು, ಜಂಭ ಮಾತ್ರ ಬಿಟ್ಟಿಲ್ಲ ನೀನು!”

ಇಂಗ್ಲಿಷ್ ಬಾರದ ಅವಳು ಅಕ್ಷರ ಹೇಳಿದಳು, ಕಣ್ಣಿಲ್ಲದ ನಾನು ಪದ ಕೂಡಿಸಿದೆ. ಮುಕ್ಕಾಲು ಗಂಟೆ. ನಿಮ್ಮದೇ ವಿಭಾಗದ ಅಧ್ಯಯನ: ಎಣ್ಣೆ ತೆಗೆದ ನೂರು ಕಣ್ಣುಗಳಲ್ಲಿ ಹದಿಮೂರರ ಪರದೆ ಮತ್ತೆ ಕಳಚಿದೆ. ಕೊನೆಯ ಸಾಲಿನಲ್ಲಿ ‘ಅಕ್ಸೆಪ್ಟಬಲ್’. ನಾವಿಕ ಕಾಲೇಜಿನ ಸರಕಿನ ಪಾಠದಲ್ಲಿ ಕಲಿತ ಪದ ಅದು. ದಾರಿಯಲ್ಲಿ ಕೊಳೆಯುವ ಈರುಳ್ಳಿಯ ನಷ್ಟಕ್ಕೆ ಬಳಸುತ್ತಿದ್ದೆವು. ಒಪ್ಪಬಹುದಾದದ್ದು. ಒಪ್ಪಿದವರು ಯಾರು ಸ್ವಾಮಿ? ಕೆಳಗೆ ತಾರೀಕು ಇದೆಯೇ ಎಂದು ಕೇಳಿದೆ. ಇತ್ತು. ನನ್ನ ಎಣ್ಣೆ ತೆಗೆದ ದಿನಕ್ಕಿಂತ ಒಂದು ವರ್ಷ ಹಿಂದಿನದು. ಅಂದರೆ ಆವತ್ತು ಬೆಳಿಗ್ಗೆ, ಹಸಿದ ಹೊಟ್ಟೆಯಲ್ಲಿ, ನಾನು ಅದರ ಅಡಿಯಲ್ಲೇ ಕುಳಿತಿದ್ದೆ. ಜಗತ್ತಿನ ವಿದ್ವಾಂಸರಿಗೆಲ್ಲ ಹೇಳಿದ್ದನ್ನು ಬೆಂಚಿನ ಮೇಲಿದ್ದ ಮುದುಕನಿಗೆ ಅವನ ಭಾಷೆಯಲ್ಲಿ ಹೇಳಲು ಯಾವ ಅಡ್ಡಿ ಇತ್ತು?

ಹೇಳಿದ್ದರೂ ನಾನು ಒಪ್ಪುತ್ತಿದ್ದೆನೇನೋ. ಎಣ್ಣೆ ಬಿಟ್ಟರೂ ಕೇಡೇ, ಗೊತ್ತು. ಆದರೆ ಒಪ್ಪುವ ಮುನ್ನ ಒಂದು ವಾರ ಬೇಡಿಕೊಂಡು, ಆ ಬಾಟಲಿಗಳನ್ನೆಲ್ಲ ಇನ್ನೊಮ್ಮೆ ಓದಿಕೊಳ್ಳುತ್ತಿದ್ದೆ.

ಸಮುದ್ರ ಕೆಟ್ಟಿದ್ದ ದಿನ, ಹಗ್ಗ ಬಿಚ್ಚುವ ಮುಂಚೆ ನಾನು ಕೂಗಿ ಹೇಳುತ್ತಿದ್ದೆ: “ಇವತ್ತು ಅಲೆ ಜೋರಿದೆ, ಇಳಿಯೋರು ಇಳೀಬಹುದು!” ಇಳಿಯುತ್ತಿದ್ದವರು ಒಬ್ಬಿಬ್ಬರು. ಉಳಿದವರು ತಿಳಿದೇ ಬರುತ್ತಿದ್ದರು. ನಾನು ಕೇಳುವುದೂ ಇಷ್ಟೇ. ಆ ಹಾಳೆಯನ್ನು ಡ್ಯಾನಿಶ್‌ನಲ್ಲಿ ಬರೆಸಿ, ಎಣ್ಣೆ ತೆಗೆಯುವ ಒಂದು ವಾರ ಮುಂಚೆ, ಎರಡೂ ಕಡೆಯ ಅಪಾಯವನ್ನು ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಓದಿಹೇಳಿ. ಒಂದೇ ಕಣ್ಣಿನವರಿಗೆ ಎರಡು ಸಲ.

ಇಂತಿ,
ಆ ಹದಿಮೂರರ ಸಾಲಿಗೆ ಆಮೇಲೆ ಸೇರಿದ ಒಬ್ಬ,
ಎಗೋನ್ ಥೂಸೆನ್
(ಬರೆದುಕೊಂಡವಳು ಎಲ್ನಾ. ಪ್ಲಮ್ ಬಾಟಲಿ ಯಾವುದೆಂದು ಈಗ ಅವಳನ್ನೇ ಕೇಳಬೇಕು.)