ಮೂಗುಬೊಟ್ಟು ಮಾಸುವವರೆಗೆ

ಅತ್ತೆ,

ನನಗೆ ಅತ್ತೆಯಾಗುವ ಮೊದಲೇ ನೀನು ನನ್ನಪ್ಪನ ತಂಗಿ. ಅದಕ್ಕೇ ಇವತ್ತಿಗೂ ‘ನೀನು’ ಎಂದೇ ಬರೆಯುತ್ತಿದ್ದೇನೆ. ಅದಕ್ಕೆ ಬೈಯಬೇಡ, ಬೈಸಿಕೊಳ್ಳಬೇಕಾದ ತಪ್ಪು ಬೇರೆಯೇ ಇದೆ. ನಿನ್ನ ಮೂಗುಬೊಟ್ಟಿನ ಭತ್ತವನ್ನು ನಾನು ಕಳೆದುಬಿಟ್ಟೆ.

ನನಗೆ ಮಗಳು ಹುಟ್ಟಿದಾಗ ನೀನು ಆ ಅಕ್ಕಿಯ ಗಂಜಿಯನ್ನು ಲೋಟದ ತುಂಬ ತಂದು, ಎದುರಿಗೇ ಕೂತು ಕುಡಿಸುತ್ತಿದ್ದೆ. ‘ಕುಡಿಯೇ, ನಮ್ಮತ್ತೆ ನಂಗೆ ಇದ್ನೇ ಕುಡ್ಸಿದ್ದು, ಅವ್ರತ್ತೆ ಅವ್ರಿಗೆ. ಮಳವಳ್ಳಿ ಸಂತೇಲೆಲ್ಲಾ ಉಡುಕುದ್ರೂ ಸಿಕ್ಕಾಕಿಲ್ಲ ಕಣೇ’ ಅಂದಿದ್ದೆ. ಕಾಳಿನ ತುದಿಯಲ್ಲಿ ಮೂಗುಬೊಟ್ಟಿನಂತೆ ಒಂದು ಕಪ್ಪು ಚುಕ್ಕೆ ಇರುತ್ತದೆ, ಅದಕ್ಕೇ ಆ ಹೆಸರು ಎಂದೂ ಹೇಳಿದ್ದೆ. ನನ್ನ ಕಿವಿಯಲ್ಲಿ ಉಳಿದದ್ದು ಅಷ್ಟೇ.

ಊರವರೆಲ್ಲ ಅಂಗಡಿ ಬೀಜಕ್ಕೆ ಹೋದ ಮೇಲೂ ನೀನು ಐದು ಗುಂಟೆಯನ್ನು ಇದಕ್ಕೇ ಬಿಟ್ಟಿದ್ದೆ. ವರ್ಷಕ್ಕೆ ಎರಡು ಸಲ ಆ ಗದ್ದೆಗಿಳಿದು ಬೆರಕೆ ತೆನೆಗಳನ್ನು ಕಿತ್ತೆಸೆಯುತ್ತಿದ್ದೆ. ತೆನೆ ಒಡೆದಾಗ ಒಮ್ಮೆ, ಕುಯ್ಲಿಗೆ ಮುಂಚೆ ಒಮ್ಮೆ. ನಾನು ದಾರಿಯಲ್ಲಿ ಕಂಡರೆ ಅಲ್ಲಿಂದಲೇ ಕೂಗು: ‘ಬಾರೇ ಇಲ್ಲಿ, ದಿನಾ ಅಂಗಿ ತಪ್ಪು ಉಡುಕೋ ಕಣ್ಣ ಒಂದಿನ ಗದ್ದೆಗೂ ತತ್ತಾ, ತೋರುಸ್ತೀನಿ!’ ನನಗೋ ಮದ್ದೂರಿನ ಗಾರ್ಮೆಂಟ್ಸ್ ಬಸ್ಸು ತಪ್ಪಿಹೋಗುವ ಅವಸರ. ‘ಭಾನುವಾರ ಬತ್ತೀನಿ ಕಣತ್ತೆ’ ಅನ್ನುತ್ತಿದ್ದೆ. ಎಷ್ಟು ಭಾನುವಾರ ಬಂದುಹೋದವು, ಒಂದು ದಿನವಾದರೂ...

ನೀನು ತೀರಿಹೋದ ವರ್ಷ ನಿನ್ನ ಮಗ ‘ಆ ಗೋಳು ಯಾಕೆ ಬುಡು, ಅಂಗ್ಡಿ ಬೀಜ ತತ್ತೀನಿ’ ಅಂದರು. ನಾನೇ ಹಟ ಹಿಡಿದು ಹಳೇ ಬೀಜವನ್ನೇ ಹಾಕಿಸಿದೆ. ನೀನು ಹಾಸಿಗೆ ಹಿಡಿದಿದ್ದ ಎರಡು ವರ್ಷ ಯಾರೂ ಆರಿಸಿರಲಿಲ್ಲವಲ್ಲ, ಅರ್ಧಕ್ಕರ್ಧ ಬೆರಕೆಯಾಗಿತ್ತು. ಕುಯ್ಲಿಗೆ ವಾರ ಇದೆ ಎನ್ನುವಾಗ ರಜೆ ಹಾಕಿ ಗದ್ದೆಗಿಳಿದೆ. ಹದಿನಾರು ವರ್ಷ ಚೆಕಿಂಗ್ ಸೆಕ್ಷನ್‌ನಲ್ಲಿ ನಿಂತವಳು ನಾನು, ಒಂದು ಅಡ್ಡ ಹೊಲಿಗೆ ನನ್ನ ಕಣ್ಣು ತಪ್ಪಿಸುವುದಿಲ್ಲ. ಕಪ್ಪು ಬೊಟ್ಟಿದ್ದ ತೆನೆಗಳನ್ನು ಉಳಿಸಿದೆ, ಬೋಳು ತೆನೆಗಳನ್ನು ಒಂದೂ ಬಿಡದೆ ಕಿತ್ತು ಗದ್ದೆಯಂಚಿನ ತೆವರಿಯ ಮೇಲೆ ಎಸೆದೆ. ಮೂರು ದಿನ ಹಿಡಿಯಿತು. ಹಸುಗಳು ಹಬ್ಬ ಮಾಡಿದವು. ನನಗೆ ಎಂಥ ಹೆಮ್ಮೆ ಅಂತೀಯ! ಅತ್ತೆ ಇದ್ದಿದ್ದರೆ ಇವತ್ತಾದರೂ ಒಂದು ಒಳ್ಳೆ ಮಾತು ಆಡುತ್ತಿದ್ದಳು ಅಂದುಕೊಂಡೆ.

ಈ ಸಲ ಮಹಾಲಯ ಅಮಾವಾಸ್ಯೆಗೆ ನಿನಗೆ ಎಡೆ ಇಡಲು ಅದೇ ಅಕ್ಕಿಯ ಅನ್ನ ಮಾಡಿದ್ದೆ. ನಿನ್ನ ಜೊತೆ ನಾಟಿ ಹಾಕುತ್ತಿದ್ದ ಕೆಂಪಮ್ಮಜ್ಜಿಯೂ ಊಟಕ್ಕೆ ಬಂದಿದ್ದಳು. ಕಾಲು ಮುರಿದುಕೊಂಡು ಬೇರೆ ಊರಲ್ಲಿ ಮಗಳ ಮನೆ ಸೇರಿದ್ದವಳು ವಾಪಸ್ಸಾದದ್ದೇ ಆಗ. ಒಂದು ತುತ್ತು ಬಾಯಿಗಿಟ್ಟು ನಿಧಾನಕ್ಕೆ ಅಗಿದಳು.

‘ಇದು ಮೂಗುಬೊಟ್ಟಲ್ಲ ಕಣವ್ವ.’

‘ಅಯ್ಯೋ, ಬೊಟ್ಟು ನೋಡಿ ನೋಡಿ ನಾನೇ ಆರ್ಸಿವ್ನಿ ಕಣಜ್ಜಿ.’

‘ಯಾವಾಗ?’

‘ಕುಯ್ಲಿಗೆ ಮುಂಚೆ.’

ಅಜ್ಜಿ ಎಂಜಲು ಕೈಯಲ್ಲೇ ನನ್ನನ್ನು ನೋಡಿದಳು. ‘ತೆನೆ ಒಡೆದಾಗ ಬೊಟ್ಟು ಇರ್ಬೇಕು, ಕುಯ್ಲೊತ್ಗೆ ಮಾಸೋಗಿರ್ಬೇಕು. ಮಾಸ್ದೆ ಉಳ್ಕತದಲ್ಲ, ಅದೇ ಬೆರಕೆ. ಅಯ್ಯೋ ನನ್ನವ್ವ, ಬೆರಕೆ ಮಡಿಕಂಡು ಬೀಜ ಕಿತ್ತಾಕ್ಬುಟ್ಟಲ್ಲ!’

ನಿನ್ನ ಎಡೆ ಅಲ್ಲೇ ಇತ್ತು ಅತ್ತೆ. ತಿಂದೆಯಾ? ಮೊದಲ ತುತ್ತಿಗೇ ಗೊತ್ತಾಯಿತಾ? ಎರಡು ಸಲ ಯಾಕೆ ಗದ್ದೆಗಿಳಿಯುತ್ತೀಯ ಅಂತ ಒಂದೇ ಒಂದು ದಿನ ಕೇಳಿದ್ದರೆ ಸಾಕಿತ್ತು. ಈ ವರ್ಷ ಗದ್ದೆಗೆ ಹಾಕಿರುವುದೂ ಅದೇ ಬೆರಕೆ.

ನೀನು ವರ್ಷವರ್ಷ ಬೀಜ ಕೊಡುತ್ತಿದ್ದ ಮನೆಗಳಿಗೆಲ್ಲ ಹೋಗಿ ಕೇಳಿದೆ. ನಿಡಘಟ್ಟದ ನಮ್ಮಪ್ಪನ ಮನೆಯಲ್ಲೂ ಕೇಳಿದೆ. ಎಲ್ಲರದೂ ಒಂದೇ ಮಾತು: ‘ನಿಮ್ಮತ್ತೆ ಮಡಗಿರ್ತಿದ್ರಲ್ಲ, ಅದ್ಕೇ ನಾವು ಮಡಗ್ನಿಲ್ಲ.’ ಅವರ ಮೇಲೆ ಸಿಟ್ಟು ಮಾಡಲು ನನಗೇನು ಮುಖವಿದೆ ಹೇಳು?

ಆಮೇಲೊಂದು ದಿನ ತೆವರಿಯ ಮೂಲೆಯಲ್ಲಿ, ನಾನು ತೆನೆ ಎಸೆದಿದ್ದ ಜಾಗದಲ್ಲೇ, ನಾಲ್ಕು ಬುಡ ಭತ್ತ ಕಂಡಿತು. ತಾನಾಗಿ ಹುಟ್ಟಿ ತೆನೆ ಒಡೆದಿದೆ. ನಾಲ್ಕಕ್ಕೂ ಕಪ್ಪು ಬೊಟ್ಟಿದೆ. ಆದರೆ ಗದ್ದೆಯ ಬೆರಕೆಗೂ ಈಗ ಬೊಟ್ಟಿದೆಯಲ್ಲ! ಇದು ನಿನ್ನದೋ, ಗದ್ದೆಯಿಂದ ಉದುರಿ ಹುಟ್ಟಿದ್ದೋ? ಕೆಂಪಮ್ಮಜ್ಜಿಯನ್ನು ಕೈ ಹಿಡಿದು ಕರೆದುಕೊಂಡು ಹೋದೆ. ತೆನೆಯನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. ‘ಪೊರೆ ಬಂದದೆ ಕಣವ್ವ, ನಂಗೆ ಕಾಣಾಕಿಲ್ಲ’ ಅಂದಳು.

ಫ್ಯಾಕ್ಟರಿಯಲ್ಲಿ ಅಂಗಿಯ ತಪ್ಪಿಗೆ ಅಂಟಿಸುವ ಕೆಂಪು ಬಾಣದ ಸ್ಟಿಕ್ಕರನ್ನು ನಾಲ್ಕು ಕಡ್ಡಿಗೆ ಅಂಟಿಸಿ, ಬುಡಕ್ಕೊಂದರಂತೆ ನೆಟ್ಟಿದ್ದೇನೆ. ಹಸು ಬರದ ಹಾಗೆ ಸುತ್ತ ಮುಳ್ಳು ಹಾಕಿದ್ದೇನೆ. ದಿನಾ ಬಸ್ಸಿಗೆ ಮುಂಚೆ ಬಂದು ನೋಡುತ್ತೇನೆ. ನೀರು ಕಟ್ಟಬಹುದು, ಗುಬ್ಬಿ ಓಡಿಸಬಹುದು. ಬೊಟ್ಟು ಮಾಸುವಂತೆ ಮಾಡಲು ನನ್ನ ಕೈಯಲ್ಲಿ ಏನಿದೆ? ಮಾಸಿದರೆ ಹಿಡಿಯಷ್ಟು ಬೀಜ ಸಿಗುತ್ತದೆ, ಅದನ್ನು ನಾಲ್ಕು ಮನೆಗೆ ಹಂಚಿ, ನೀವೂ ಮಡಗಿ ಅಂತ ಕಾಲು ಹಿಡಿದಾದರೂ ಹೇಳುತ್ತೇನೆ. ಮಾಸದಿದ್ದರೆ...

ತೆವರಿಯ ಮೇಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಬೊಟ್ಟು ಇನ್ನೂ ಕಪ್ಪಗೇ ಇದೆ. ಇವತ್ತು ಭಾನುವಾರ. ಬಂದಿದ್ದೇನೆ ಅತ್ತೆ.

ನಿನ್ನ ಸೊಸೆ,
ಜಯ