ನೀಲಿ ಫ್ರೇಮಿನ ಕನ್ನಡಕ

ಶಾಲೆಯ ಮೂರನೇ ಕೋಣೆ
ಮಾರ್ಚ್ ೧೧, ಬುಧವಾರ ಬೆಳಿಗ್ಗೆ

ಪ್ರೀತಿಯ ಟೀಚರಮ್ಮನಿಗೆ,

ನಾನು ಕ್ಷೇಮ. ನಮ್ಮ ಸಭೆಯ ಯುವಜನ ಸಂಘದ ಹನ್ನೊಂದು ಮಂದಿಯೂ ದೇವರ ದಯೆಯಿಂದ ಚೆನ್ನಾಗಿದ್ದಾರೆ. ಒಬ್ಬನಿಗೆ ಮಾತ್ರ ನೀರು ಬದಲಾಗಿ ಹೊಟ್ಟೆ ಕೆಟ್ಟಿತ್ತು, ನಿನ್ನೆಯಿಂದ ಅವನೇ ಎರಡು ಪಾಲು ತಿನ್ನುತ್ತಿದ್ದಾನೆ. ತಲುಪಿದ ಕೂಡಲೇ ಕಾಗದ ಬರೆಯುತ್ತೇನೆಂದು ಹೇಳಿ ಹೊರಟವನು ಒಂಬತ್ತು ದಿನ ಸುಮ್ಮನಿದ್ದೆ. ತಪ್ಪಾಯಿತು, ಹೊಟ್ಟೆಗೆ ಹಾಕಿಕೋ. ದಿನಾ ಫೋನಿನಲ್ಲಿ ಮಾತಾಡಿದ್ದೇವಲ್ಲ ಎಂದು ನೀನು ಅನ್ನಬಹುದು. 'ಊಟ ಆಯ್ತಾ?' 'ಆಯ್ತು.' 'ಮಾತ್ರೆ ತಗೊಂಡ್ರಾ?' 'ತಗೊಂಡೆ.' ಹದಿನಾಲ್ಕು ತಿಂಗಳಿಂದ ಮನೆಯಲ್ಲೂ ನಾವು ಆಡಿದ್ದು ಅಷ್ಟೇ ಮಾತು. ಅದಕ್ಕೆ ವಿಮಾನ ಹತ್ತಿ ಇಷ್ಟು ದೂರ ಬರಬೇಕಾಗಿರಲಿಲ್ಲ.

ಪಾಸ್ಟರ್ ಭಾನುವಾರದ ಆರಾಧನೆ ನಡೆಸಬೇಕೆಂದು ಇಂದು ಮಧ್ಯಾಹ್ನವೇ ಹೊರಡುತ್ತಿದ್ದಾರೆ. ಈ ಕಾಗದವನ್ನು ಅವರ ಕೈಯಲ್ಲಿ ಕೊಡುತ್ತೇನೆ. ನಾವು ಬರುವುದಕ್ಕೆ ಇನ್ನೂ ಒಂದು ವಾರವಿದೆ.

ಮೊದಲು ಇಲ್ಲಿಯ ಸುದ್ದಿ. ನಮಗೆ ಬಿಟ್ಟುಕೊಟ್ಟಿರುವುದು ಶಾಲೆಯ ಮೂರು ಕೋಣೆ. ಒಂದರಲ್ಲಿ ಕಣ್ಣಿನ ಪರೀಕ್ಷೆ, ಇನ್ನೊಂದರಲ್ಲಿ ಕನ್ನಡಕ, ಮೂರನೆಯದರಲ್ಲಿ ನಮ್ಮ ಚಾಪೆಗಳು. ಊರಲ್ಲಿ ನಮ್ಮ ಮಕ್ಕಳು ಚರ್ಚಿನ ಬಾಗಿಲಲ್ಲಿ ಪೆಟ್ಟಿಗೆ ಇಟ್ಟು ಕೂಡಿಸಿದ್ದರಲ್ಲ ಆರುನೂರು ಹಳೆಯ ಕನ್ನಡಕ, ಅವನ್ನೆಲ್ಲ ಬೆಂಚುಗಳ ಮೇಲೆ ಪವರ್ ಪ್ರಕಾರ ಸಾಲಾಗಿ ಇಟ್ಟಿದ್ದೇವೆ. ಒಂದೊಂದಕ್ಕೂ ಒಂದು ಕಾಗದದ ಕವರು, ಕವರಿನ ಮೇಲೆ ಸಂಘದ ಸೆಕ್ರೆಟರಿಯ ದುಂಡಗಿನ ಅಕ್ಷರ. ಆ ಹುಡುಗಿ ನಿನ್ನ ಶಿಷ್ಯೆಯೇ ಸರಿ. ಎಲ್ಲರ ಕಿವಿ ಹಿಂಡಿ ಕೆಲಸ ಮಾಡಿಸುತ್ತಾಳೆ, ನನ್ನನ್ನೂ ಬಿಡುವುದಿಲ್ಲ. 'ಅಂಕಲ್, ಒಬ್ಬೊಬ್ಬರಿಗೂ ಹೀಗೆ ಅರ್ಧ ಗಂಟೆ ತಗೊಂಡ್ರೆ ನಾವು ಇಲ್ಲೇ ವೋಟು ಹಾಕಬೇಕಾಗತ್ತೆ' ಎಂದಳು ಮೊನ್ನೆ.

ಮಾತು ತಿಳಿಸಲು ಒಬ್ಬ ಮುದುಕನನ್ನು ಕೊಟ್ಟಿದ್ದಾರೆ. ಹಡಗಿನಲ್ಲಿ ಅಡುಗೆಯವನಾಗಿದ್ದಾಗ ನಮ್ಮ ಕಡೆಯವರ ಜೊತೆ ಇದ್ದು ನಮ್ಮ ಭಾಷೆ ಕಲಿತನಂತೆ. ಕಲಿತದ್ದರಲ್ಲಿ ಅರ್ಧ ಬೈಗುಳ. ಪಾಸ್ಟರರ ಪ್ರಾರ್ಥನೆಯನ್ನು ಅನುವಾದ ಮಾಡುವಾಗ ಅವನ ಬಾಯಲ್ಲಿ ಏನು ಬರುತ್ತದೋ ಎಂದು ನಾವೆಲ್ಲ ಕಣ್ಣು ಮುಚ್ಚಿಕೊಂಡೇ ನಡುಗುತ್ತೇವೆ.

ಈ ಕನ್ನಡಕದ ಸೇವೆಯ ಯೋಚನೆ ಯಾರದು ಎಂದು ನಿನಗೆ ಗೊತ್ತು. ಬುಡ್ಡಿಯದು. ನೀನು 'ನನ್ನ ಮಗನನ್ನ ಸೋಡಾಬುಡ್ಡಿ ಗೀಡಾಬುಡ್ಡಿ ಅನ್ನಬೇಡಿ ರೀ' ಎಂದು ಎಷ್ಟು ಜಗಳ ಆಡಿದೆ! ಅವನೇ ನಕ್ಕು ಆ ಹೆಸರನ್ನು ಇಟ್ಟುಕೊಂಡುಬಿಟ್ಟ. ಸಂಘದ ಸಭೆಯಲ್ಲಿ ಎದ್ದು ನಿಂತು, 'ನಾವು ಹೋಗಿ ಗೋಡೆಗೆ ಬಣ್ಣ ಬಳಿದು ಬರೋದು ಬೇಡ, ಅವರಿಗೆ ಬೇಕಾಗಿರೋದನ್ನ ಕೊಡೋಣ, ನಮ್ಮಪ್ಪ ಬರ್ತಾರೆ' ಎಂದು ನನ್ನನ್ನು ಕೇಳದೆಯೇ ಮಾತು ಕೊಟ್ಟಿದ್ದ. ಅವನು ಹೋದ ಮೇಲೆ ಮಕ್ಕಳು ಅಂಗಡಿಗೆ ಬಂದು ಬಾಗಿಲಲ್ಲಿ ನಿಂತಾಗ ಒಲ್ಲೆ ಎನ್ನಲು ನನಗೆ ಬಾಯಿ ಬರಲಿಲ್ಲ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ.

ನಾವು ಹೊರಡುವ ದಿನ ನೀನು ಒಂದು ಬಿಸ್ಕತ್ತಿನ ಡಬ್ಬಿ ಕೊಟ್ಟೆಯಲ್ಲ, 'ಮನೇಲಿ, ಅಂಗಡೀಲಿ ಬಿದ್ದಿದ್ದವು, ಯಾರಿಗಾದ್ರೂ ಆಗ್ಲಿ' ಎಂದು? ಬೇರೆ ಎಲ್ಲವನ್ನೂ ಊರಲ್ಲೇ ಅಳೆದಿದ್ದೆ, ಅದೊಂದು ಮಾತ್ರ ಉಳಿದಿತ್ತು. ಮೊದಲ ದಿನ ಸಂಜೆ ಲೆನ್ಸ್ ಮೀಟರಿನ ಮುಂದೆ ಕುಳಿತು ತೆರೆದೆ. ಮೇಲೆ ನಿಮ್ಮ ಅಪ್ಪನ ಕನ್ನಡಕ, ಅದರ ಕೆಳಗೆ ನಿನ್ನ ಹಳೆಯದು ಎರಡು. ತಳದಲ್ಲಿ ಕವರಿನೊಳಗೆ ಒಂದು ನೀಲಿ ಫ್ರೇಮು.

ಅಂಗಡಿಯ ಕೆಳಗಿನ ಡ್ರಾಯರಿನಲ್ಲಿ ಸಿಕ್ಕಿರಬೇಕು ನಿನಗೆ. ಯಾವನೋ ಗಿರಾಕಿ ಮಾಡಿಸಿ ತೆಗೆದುಕೊಂಡು ಹೋಗದೆ ಬಿಟ್ಟದ್ದು ಎಂದುಕೊಂಡಿರುತ್ತೀಯ. ಹೆಸರು ಬರೆದಿರಲಿಲ್ಲ. ನಾನು ಅದನ್ನು ಮೀಟರಿಗೆ ಇಡಲೇ ಇಲ್ಲ. ಬಲಗಣ್ಣಿಗೆ ಮೈನಸ್ ಐದೂವರೆ, ಎಡಗಣ್ಣಿಗೆ ಏಳು. ಬಲಗಡೆಯ ಕಡ್ಡಿಯ ತುದಿ ಸ್ವಲ್ಪ ಹೆಚ್ಚು ಬಗ್ಗಿದೆ, ಏಕೆಂದರೆ ಅವನ ಬಲಗಿವಿ ಎಡಗಿವಿಗಿಂತ ಒಂದು ಕೂದಲೆಳೆ ಕೆಳಗಿತ್ತು. ಅದು ಬುಡ್ಡಿಯ ಕನ್ನಡಕ. ಅವನಿಗೆಂದು ಮಾಡಿದ್ದ ಇನ್ನೊಂದು ಜೊತೆ. ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಸೆಕ್ರೆಟರಿ 'ಡಬ್ಬೀಲಿ ಎಷ್ಟಿತ್ತು ಅಂಕಲ್?' ಎಂದಳು. ಮೂರು ಎಂದೆ.

ಮರುದಿನ ಸಾಲಿನಲ್ಲಿ ಒಬ್ಬ ಹೆಂಗಸು ಬಂದಳು. ನಿನ್ನ ವಯಸ್ಸಿನವಳು. ಇದೇ ಶಾಲೆಯ ಗೇಟು ಕಾಯುವವಳು, ಅದಕ್ಕೆ ನಮ್ಮ ಮಕ್ಕಳು ಗೇಟಮ್ಮ ಎಂದು ಹೆಸರಿಟ್ಟಿದ್ದರು. ಓದು ಬಾರದವರಿಗೆಂದು ನಮ್ಮಲ್ಲಿ ಒಂದು ಪಟ್ಟಿ ಇದೆ, ಮೂರು ಹಲ್ಲಿನ ಬಾಚಣಿಗೆಯಂಥ ಗುರುತು ಯಾವ ಕಡೆ ತಿರುಗಿದೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಗೇಟಮ್ಮ ಪಟಪಟನೆ ತೋರಿಸಿದಳು, ಒಂದೂ ತಪ್ಪಿಲ್ಲ. ಅಷ್ಟು ಚೆನ್ನಾಗಿ ಕಾಣುವವಳು ಕುರ್ಚಿ ಎಲ್ಲಿದೆ ಎಂದು ಕೈಯಾಡಿಸಿ ಹುಡುಕಿದ್ದನ್ನು ಸೆಕ್ರೆಟರಿ ನೋಡಿದ್ದಳು. ಪಟ್ಟಿಯನ್ನು ತಲೆಕೆಳಗು ಮಾಡಿ ಹಿಡಿದಳು. ಗೇಟಮ್ಮ ಮತ್ತೆ ಹಳೆಯ ಪಾಠವನ್ನೇ ಒಪ್ಪಿಸಿದಳು! ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತು ಮುಂದಿನವರು ಕೈ ಆಡಿಸುವುದನ್ನು ನೋಡಿ ಕಲಿತಿದ್ದಳಂತೆ. ನಮ್ಮ ಮಕ್ಕಳು ಬಿದ್ದು ಬಿದ್ದು ನಕ್ಕರು. ಅವಳು ಮಾತ್ರ ನಗಲಿಲ್ಲ. ಮುದುಕನ ಕಡೆ ತಿರುಗಿ ಏನೋ ಹೇಳಿದಳು.

'ಕಣ್ಣು ಕಾಣಲ್ಲ ಅಂತ ಹೆಡ್‌ಮಾಸ್ಟರಿಗೆ ಹೇಳಬೇಡಿ ಅಂತಾಳೆ ಸಾರ್. ಕೆಲಸ ಹೋಗತ್ತಂತೆ' ಎಂದ ಮುದುಕ. 'ಮಧ್ಯಾಹ್ನ ಶಾಲೆ ಬಿಟ್ಟಾಗ ಮಕ್ಕಳಿಗೆ ರಸ್ತೆ ದಾಟಿಸೋಳು ಇವಳೇ.'

ರಸ್ತೆ ಎಂದ ಕೂಡಲೇ ನಿನಗೆ ಹೇಗಾಗುತ್ತದೆಂದು ನನಗೆ ಗೊತ್ತು, ನನಗೂ ಹಾಗೇ ಆಯಿತು. ಜಗತ್ತಿನಲ್ಲಿ ಇರುವ ಕೆಲಸವನ್ನೆಲ್ಲ ಬಿಟ್ಟು ಈ ಹೆಂಗಸಿಗೆ ಅದೇ ಸಿಗಬೇಕೇ ಎಂದು ಸಿಟ್ಟು ಬಂತು. ಅವಳನ್ನು ಕೂರಿಸಿ ಒಂದೊಂದೇ ಗಾಜು ಹಾಕಿ ನೋಡಿದೆ. ಬಲಕ್ಕೆ ಐದೂವರೆ. ಎಡಕ್ಕೆ ಆರೂಮುಕ್ಕಾಲು. ಇನ್ನೊಮ್ಮೆ ನೋಡಿದೆ. ಅದೇ. ಎರಡು ಕಣ್ಣಿಗೆ ಇಷ್ಟು ಅಂತರ ಇರುವ ಜೋಡಿ ಆರುನೂರರಲ್ಲಿ ಒಂದೂ ಇರಲಿಲ್ಲ. ಇದ್ದದ್ದು ನನ್ನ ಜೇಬಿನಲ್ಲಿ.

'ಇವರಿಗೆ ಆಗೋದು ನಮ್ಮ ಹತ್ರ ಇಲ್ಲ' ಎಂದೆ.

'ಇನ್ನೊಂದ್ಸಲ ನೋಡಿ ಅಂಕಲ್' ಎಂದಳು ಸೆಕ್ರೆಟರಿ.

'ಇಲ್ಲ ಅಂದ್ರೆ ಇಲ್ಲಮ್ಮ' ಎಂದು ಗದರಿದೆ. ಗೇಟಮ್ಮ ಎದ್ದು, ನನಗೆ ತಲೆಬಾಗಿ, ಬಾಗಿಲನ್ನು ಕೈಯಲ್ಲಿ ಮುಟ್ಟಿ ನೋಡಿಕೊಂಡು ಹೊರಗೆ ಹೋದಳು. ಟೀಚರಮ್ಮ, ಮೂವತ್ತು ವರ್ಷದಲ್ಲಿ ಗಿರಾಕಿಯ ಮುಖ ನೋಡಿ ಅಂಥ ಸುಳ್ಳು ನಾನು ಹೇಳಿರಲಿಲ್ಲ. ಆ ದಿನದಿಂದ ಜೇಬಿನ ಮೇಲೆ ಕೈಯಿಟ್ಟುಕೊಂಡೇ ಓಡಾಡಿದೆ. ಅವನದ್ದು ಎಂದು ಉಳಿದಿರುವುದರಲ್ಲಿ ನನ್ನ ಕೈಯಾರೆ ಮಾಡಿದ್ದು ಅದೊಂದೇ, ಅದನ್ನು ಯಾಕೆ ಕೊಡಲಿ ಎಂದು ಒಳಗೊಳಗೇ ಜಗಳ ಆಡುತ್ತಿದ್ದೆ.

ಮೊನ್ನೆ ಸೋಮವಾರ ತಡೆಯಲಾಗದೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ನಿಂತೆ. ಗೇಟಮ್ಮ ಮಕ್ಕಳನ್ನು ಇಬ್ಬಿಬ್ಬರಂತೆ ಕೈ ಹಿಡಿದುಕೊಂಡು ದಾಟಿಸುತ್ತಿದ್ದಳು. ಕತ್ತು ಒಂದು ಪಕ್ಕಕ್ಕೆ ವಾಲಿಸಿ, ಕಣ್ಣನ್ನು ಪೂರ್ತಿ ಮುಚ್ಚಿ, ಕಿವಿಗೊಟ್ಟು ನಿಲ್ಲುತ್ತಾಳೆ. ಗಾಡಿಯ ಸದ್ದು ಇಲ್ಲವೆನಿಸಿದರೆ ಹೆಜ್ಜೆ ಇಡುತ್ತಾಳೆ. ಲಾರಿ ಬಂತು, ನಿಂತಳು. ಕಾರು ಬಂತು, ನಿಂತಳು. ಇವಳ ಕಿವಿಯೇ ಕಣ್ಣಿಗಿಂತ ವಾಸಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುವಷ್ಟರಲ್ಲಿ ಇಳಿಜಾರಿನಿಂದ ಒಬ್ಬ ಸೈಕಲ್ಲಿನಲ್ಲಿ ಬಂದ. ಸೈಕಲ್ಲಿಗೆ ಸದ್ದು ಇರುವುದಿಲ್ಲ. ಅವಳು ಎರಡು ಮಕ್ಕಳನ್ನು ಹಿಡಿದು ಅವನ ಮುಂದಕ್ಕೇ ಹೆಜ್ಜೆ ಇಟ್ಟಳು.

ನಾನು ಕೂಗಿದೆ. ನಮ್ಮ ಭಾಷೆಯಲ್ಲಿ ಕೂಗಿದರೆ ಅವಳಿಗೆ ಏನು ತಿಳಿಯಬೇಕು? ಸೈಕಲ್ಲಿನವನು ಪಕ್ಕಕ್ಕೆ ಎಳೆದು ಬಿದ್ದ. ಮೊಣಕೈ ತರಚಿತು, ಅಷ್ಟೇ. ಮಕ್ಕಳಿಗೆ ಏನೂ ಆಗಲಿಲ್ಲ. ಸೈಕಲ್ಲು ರಸ್ತೆಯಲ್ಲಿ ಬಿದ್ದು ಚಕ್ರ ತಿರುಗುತ್ತಲೇ ಇತ್ತು. ಅದನ್ನು ನೋಡುತ್ತಾ ಗೇಟಿನ ಕಂಬಿ ಹಿಡಿದುಕೊಂಡೆ.

ಅವಳನ್ನು ಕೋಣೆಗೆ ಕರೆತಂದೆ. ಜೇಬಿನಿಂದ ಕವರು ತೆಗೆದಾಗ ಸೆಕ್ರೆಟರಿ ನೀಲಿ ಫ್ರೇಮನ್ನು ಕಂಡು ಕೈಯಲ್ಲಿದ್ದ ಪಟ್ಟಿಯನ್ನು ಬೆಂಚಿನ ಮೇಲೆ ಇಟ್ಟುಬಿಟ್ಟಳು. ಕನ್ನಡಕ ಹಾಕಿ ನೋಡಿದೆ. ಬಲಗಡೆ ಎತ್ತಿಕೊಂಡು ನಿಂತಿತು. ಅದು ಅವನ ಕಿವಿಗೆ ಬಗ್ಗಿಸಿದ್ದಲ್ಲವೇ? ಬಿಸಿನೀರು ತರಿಸಿ, ಕಡ್ಡಿಯ ತುದಿ ಅದ್ದಿ, ಮೆತ್ತಗಾದ ಮೇಲೆ ನೇರ ಮಾಡಿದೆ. ನಾನು ಎಷ್ಟು ಸಾವಿರ ಕಡ್ಡಿ ಬಗ್ಗಿಸಿದ್ದೇನೋ, ಲೆಕ್ಕವಿಲ್ಲ. ಇದು ಮಾತ್ರ ಕೈಗೆ ಬರಲಿಲ್ಲ. ಮೂರು ಸಲ ನೀರಿಗೆ ಅದ್ದಬೇಕಾಯಿತು. ನೇರವಾದ ಮೇಲೆ ಅದು ಯಾರದ್ದೋ ಕನ್ನಡಕದ ಹಾಗೆ ಕಂಡಿತು.

ಗೇಟಮ್ಮ ಹಾಕಿಕೊಂಡು ಮೊದಲು ಕಿಟಕಿಯ ಹೊರಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಮುಖ ನೋಡಿ ಏನೋ ಅಂದಳು.

'ಧ್ವನಿ ಕೇಳಿ ಚಿಕ್ಕ ವಯಸ್ಸಿನವರು ಅಂದ್ಕೊಂಡಿದ್ದಳಂತೆ ಸಾರ್' ಎಂದ ಮುದುಕ. 'ಇಷ್ಟು ವಯಸ್ಸಾಗಿದೆಯಾ ಅಂತಾಳೆ. ಯಾಕೆ ಅಳ್ತಿದ್ದಾರೆ ಅಂತಲೂ ಕೇಳ್ತಾಳೆ.'

ಅಂದು ನಾನು ಅತ್ತೆ. ಅವನನ್ನು ಮಣ್ಣು ಮಾಡಿದ ದಿನ ನೀನು ನನ್ನ ಮುಖವನ್ನೇ ನೋಡುತ್ತಿದ್ದೆ, ನಾನು ಅಳಲಿಲ್ಲ. ಮೂರನೆಯ ದಿನ ಅಂಗಡಿಗೆ ಹೊರಟಾಗ ಬಾಗಿಲಲ್ಲಿ ನಿಂತು, 'ಮೂರೇ ದಿನಕ್ಕೆ ಅಂಗಡಿ ತೆಗೀಬೇಕಾ ರೀ? ನಿಮ್ಮದು ಎದೆಯೋ ಕಲ್ಲೋ?' ಎಂದು ಕೇಳಿದೆ. ನಾನು ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ. ಅಲ್ಲಿಂದ ಈಚೆಗೆ ನೀನು ಏನನ್ನೂ ಕೇಳಲಿಲ್ಲ. ನಿನ್ನ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಇದ್ದರೆ ನನ್ನ ಮೇಲೇ.

ನಿನ್ನೆ ಮಧ್ಯಾಹ್ನ ಮಕ್ಕಳೆಲ್ಲ ಗೇಟಿಗೆ ಹೋಗಿ ನೋಡಿ ಬಂದರು. ಗೇಟಮ್ಮ ಈಗ ಕಣ್ಣು ತೆರೆದುಕೊಂಡು ನಿಲ್ಲುತ್ತಾಳಂತೆ. ದೂರದಲ್ಲಿ ಸೈಕಲ್ ಕಂಡರೂ ಕೈ ಅಡ್ಡ ಹಿಡಿದು ಇಡೀ ರಸ್ತೆಯನ್ನೇ ನಿಲ್ಲಿಸುತ್ತಾಳಂತೆ. ಹೊಸ ಅಧಿಕಾರ ಬಂದವರ ಹಾಗೆ.

ನೀನು ಊಟ ಬಿಡಬೇಡ. ಭಾನುವಾರ ಚರ್ಚಿಗೆ ಹೋಗು, ಹಿಂದಿನ ಸಾಲಿನಲ್ಲಿ ಕುಳಿತರೂ ಸರಿ. ಅವನನ್ನು ತನ್ನ ಬಳಿ ಇಟ್ಟುಕೊಂಡಿರುವ ಕರ್ತನು ನಿನ್ನನ್ನೂ ಒಬ್ಬಂಟಿಯಾಗಿ ಬಿಡದಿರಲಿ, ನಿನ್ನ ನಿದ್ದೆಯನ್ನು ನಿನಗೆ ತಿರುಗಿ ಕೊಡಲಿ ಎಂದು ದಿನವೂ ಬೇಡುತ್ತೇನೆ.

ನಿನ್ನ,
ಕನ್ನಡಕದವನು

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಮೇಲೆ 'ಇನ್ನೊಂದು ಜೊತೆ' ಎಂದು ಬರೆದು ಜಾರಿಕೊಂಡಿದ್ದೇನೆ. ಇದನ್ನು ಬರೆಯದೆ ಕಳಿಸಿದರೆ ಒಂಬತ್ತು ದಿನ ತಡಮಾಡಿದ್ದಕ್ಕೂ ಅರ್ಥವಿಲ್ಲ.

ಗೇಟಮ್ಮ ಹೋದ ಮೇಲೆ ಸೆಕ್ರೆಟರಿ ಹತ್ತಿರ ಬಂದು, 'ಆ ಫ್ರೇಮು ಆರಿಸಿದ್ದು ನಾನು ಅಂಕಲ್. ನಮ್ಮಪ್ಪ ಊರಿಗೆಲ್ಲ ಕನ್ನಡಕ ಮಾಡ್ತಾರೆ, ನಂಗೆ ಮಾತ್ರ ನಾಳೆ ನಾಳೆ ಅಂತಾರೆ ಅಂತ ಬುಡ್ಡಿ ರೇಗಿಸ್ತಿದ್ದ' ಎಂದು ನಕ್ಕಳು. ತಾನು ಏನು ಹೇಳಿದೆ ಎಂದು ಆ ಮಗುವಿಗೆ ಗೊತ್ತಿಲ್ಲ.

ಆ ಅಪಘಾತದ ಹಿಂದಿನ ವಾರ ಬುಡ್ಡಿ ಅಂಗಡಿಗೆ ಬಂದಿದ್ದ. 'ಅಪ್ಪಾ, ದೂರದ್ದು ಮಂಜು ಮಂಜು' ಎಂದ. ನೋಡಿದೆ. ಎರಡು ಕಣ್ಣಿಗೂ ಪವರ್ ಬಹಳ ಏರಿತ್ತು. ಸೋಮವಾರ ಕೊಡುತ್ತೇನೆ ಎಂದೆ. ಸೋಮವಾರ ಬೇರೆಯವರ ಕೆಲಸ ಬಂತು, ಮಂಗಳವಾರವೂ ಬಂತು. ಮನೆಯವನದ್ದಲ್ಲವೇ, ನಾಳೆ ಮಾಡಿದರಾಯಿತು ಎಂದುಕೊಂಡೆ. ಬುಧವಾರ ನಾನು ಮರೆತು ಬಂದಿದ್ದ ಊಟದ ಡಬ್ಬಿಯನ್ನು ನೀನು ಅವನ ಕೈಯಲ್ಲಿ ಕೊಟ್ಟು ಕಳಿಸಿದೆ. ಅವನು ಹಳೆಯ ಕನ್ನಡಕ ಹಾಕಿಕೊಂಡು ಸೈಕಲ್ ಹತ್ತಿದ. 'ಹುಡುಗ ನನ್ನ ಕಡೆಗೇ ನೋಡ್ತಿದ್ದ, ಆದ್ರೂ ಬಂದ' ಎಂದು ವ್ಯಾನಿನವನು ಪೊಲೀಸರ ಮುಂದೆ ಅತ್ತಾಗ ನೀನು ಅವನನ್ನು ಸುಳ್ಳುಗಾರ ಎಂದೆ. ಅವನು ಸುಳ್ಳು ಹೇಳಲಿಲ್ಲ. ನನಗೆ ಆಗಲೇ ಗೊತ್ತಿತ್ತು.

'ಆ ಡಬ್ಬಿ ಕಳಿಸದೇ ಇದ್ದಿದ್ರೆ' ಎಂದು ನೀನು ಹದಿನಾಲ್ಕು ತಿಂಗಳಿಂದ ಗೋಡೆಯ ಕಡೆ ತಿರುಗಿ ಮಲಗುತ್ತೀಯ. ನಾನು ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಮಲಗಿದ್ದೆ. ತಪ್ಪು ನಿನ್ನದೆಂದು ನೀನು ಅಂದುಕೊಂಡಿರುವವರೆಗೆ ನನ್ನದು ಮರೆಯಲ್ಲಿ ಇತ್ತಲ್ಲ, ಅದಕ್ಕೆ.

ಮೂರನೆಯ ದಿನ ಅಂಗಡಿ ತೆರೆದದ್ದು ಆ ಕನ್ನಡಕ ಮಾಡುವುದಕ್ಕೆ. ಮುಗಿಯಲು ಒಂದು ಗಂಟೆಯೂ ಬೇಕಾಗಲಿಲ್ಲ.