ಮಂಚದ ಕೆಳಗಿದ್ದ ಮೂಳೆಗಳು

ದಿಲೀಪಣ್ಣಾ,

ಏಳೂವರೆ ಬಸ್ಸಿಗೆ ಮೈಸೂರಿಗೆ ಹೊರಟೆ. ನೀನು ಏಳುವವರೆಗೆ ಇದ್ದರೆ ಜಗಳವಾಗುತ್ತದೆ, ಅದಕ್ಕೇ ಬರೆದಿಟ್ಟಿದ್ದೇನೆ.

ಸೊಪ್ಪಿನ ಸಾರು ಒಲೆ ಮೇಲಿದೆ, ಬಿಸಿ ಮಾಡಿಕೋ. ತಿಂಡಿಯಾದ ಮೇಲೆ ಅಮ್ಮನಿಗೆ ಬಿಪಿ ಮಾತ್ರೆ ಕೊಡು. ಎದುರಿಗೆ ನಿಂತುಕೊಳ್ಳದಿದ್ದರೆ ನುಂಗುವುದಿಲ್ಲ.

ನನ್ನ ಮಂಚದ ಕೆಳಗಿದ್ದ ರಟ್ಟಿನ ಡಬ್ಬ ಖಾಲಿಯಾಗಿರುವುದನ್ನು ನೋಡಿದೆ. ನಮ್ಮ ಹೊಲದಲ್ಲಿ ಪೈಪಿಗೆ ಗುಂಡಿ ತೋಡುವಾಗ ಸಿಕ್ಕಿದ ಮೂಳೆಗಳು ಅವು, ಎರಡು ಸಾವಿರ ವರ್ಷ ಹಳೆಯವು. ನನ್ನ ಪುರಾತತ್ವ ಎಂ.ಎ. ಪ್ರಬಂಧ ನಿಂತಿದ್ದೇ ಅವುಗಳ ಮೇಲೆ ಅಂತ ನಿನಗೆ ಗೊತ್ತಿತ್ತು.

ನಿನಗೆ ನೋಡಿರುವ ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆ ಅಂತ ಹೆದರಿದೆಯಂತೆ. "ಯಾರ್ದೋ ಮೂಳೆ ಮನೇಲಿಟ್ಕಂಡು ಸುಬಕಾರ್ಯ ಮಾಡಕ್ಕಾಯ್ತದಾ?" ಅಂದೆಯಂತೆ. ಅಮ್ಮ ಎಲ್ಲ ಹೇಳಿದಳು. ತಿಪ್ಪೆಗೆ ಎಸೆದಿದ್ದರೂ ಹುಡುಕಿಕೊಳ್ಳುತ್ತಿದ್ದೆ. ನೀನು ರಜ ಹಾಕಿ, ಬಿಳಿ ಬಟ್ಟೆಯಲ್ಲಿ ಕಟ್ಟಿ, ಕೊಣನೂರಿಗೆ ಒಯ್ದು, ಐನೋರನ್ನು ಕೂರಿಸಿ, ಎಳ್ಳುನೀರು ಬಿಟ್ಟು ಕಾವೇರಿಗೆ ಹಾಕಿ ಬಂದಿದ್ದೀಯ. ನಾನು ನಂಬರ್ ಬರೆದಿದ್ದ ಕವರ್‌ಗಳನ್ನು ಮಾತ್ರ ನೀಟಾಗಿ ಮಡಚಿಟ್ಟಿದ್ದೀಯ. ಸೋಮವಾರ ಮೇಷ್ಟ್ರಿಗೆ ಅವನ್ನೇ ತೋರಿಸುತ್ತೇನೆ.

ಸತ್ತವರು ಗಂಡೋ ಹೆಣ್ಣೋ ಅಂತ ಕೂಡ ನನಗಿನ್ನೂ ಗೊತ್ತಾಗಿರಲಿಲ್ಲ. ಸೊಂಟದ ಮೂಳೆ ನೋಡಿ ಹೇಳಬೇಕಿತ್ತು. ಐನೋರು ಹೆಸರು ಕೇಳಿದಾಗ ನೀನು ಏನೂ ತೋಚದೆ ಅಪ್ಪನ ಹೆಸರು ಹೇಳಿದೆಯಂತೆ.

ಅಪ್ಪನ ವರ್ಷದ ತಿಥಿ ದಿನ ಹಾಸನದಿಂದ ಫೋನ್ ಮಾಡಿ, "ಫ್ಯಾಕ್ಟ್ರೀಲಿ ರಜ ಕೊಡಕಿಲ್ಲ ಅಂತಾರೆ ಕಣಮ್ಮಿ" ಅಂದಿದ್ದೆ.

ಯಾರದೋ ಮೂಳೆಗೆ ಕೊಟ್ಟರಲ್ಲ.

ದೀಪು